ಅಮಾವಾಸ್ಯೆ ಸಂಜೆ ನಾವು ಮಾತಾಡುವುದು ಬಿಪಿ ಬಗ್ಗೆ

ಆಳಂದದಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್. ನಾನು ಫಿಜಿಷಿಯನ್, ಹೃದಯ ತಜ್ಞ ಅಲ್ಲ. ಆದರೂ ನನ್ನಲ್ಲಿಗೆ ಬರುವ ದೊಡ್ಡ ವಯಸ್ಸಿನವರಲ್ಲಿ ಬಿಪಿ, ಶುಗರ್ ಇರುವವರೇ ಜಾಸ್ತಿ. ಮುಂದೆ ಅವರಲ್ಲೇ ಯಾರಿಗೋ ಅಟ್ಯಾಕ್ ಆಗುತ್ತದೆ, ಯಾರಿಗೋ ಲಕ್ವಾ ಹೊಡೆಯುತ್ತದೆ. ಆಗ ಮನೆಮಂದಿ ಗಾಡಿ ಮಾಡಿಕೊಂಡು ಕಲಬುರಗಿಗೆ ಓಡುತ್ತಾರೆ, ಇಲ್ಲವೇ ಸೊಲ್ಲಾಪುರಕ್ಕೆ. ಕಲಬುರಗಿ ಅಂದರೂ 40 ಕಿಲೋಮೀಟರ್ ಮೇಲೆಯೇ ಆಯಿತು.

ಈ ಓಟಕ್ಕೂ ಮುಂಚೆ ಹತ್ತು ವರ್ಷ ಟೈಮ್ ಇರುತ್ತದಲ್ವಾ, ಆಗ ಏನು ಮಾಡಬಹುದು? ಇದನ್ನೇ ಮಾತಾಡಲು ನಾವು ಕೆಲವರು ತಿಂಗಳಿಗೊಮ್ಮೆ ಸೇರುತ್ತೇವೆ, ಅಮಾವಾಸ್ಯೆ ಸಂಜೆ. ಅವತ್ತು ಜನ ದೇವರು-ದಿಂಡರು ಅಂತ ಹೋಗುತ್ತಾರೆ, ಕ್ಲಿನಿಕ್ ಖಾಲಿ. ಜನರಲ್ ಪ್ರಾಕ್ಟೀಸ್ ಮಾಡುವ ಇಬ್ಬರು, ಆಯುರ್ವೇದ ಡಾಕ್ಟರೊಬ್ಬರು, ಸರ್ಕಾರಿ ದವಾಖಾನೆಯ ಸಿಸ್ಟರ್, ಇಬ್ಬರು ಆಶಾ ಅಕ್ಕಂದಿರು, ಪಕ್ಕದ ಮೆಡಿಕಲ್ ಅಂಗಡಿಯವರು. ಕಲಬುರಗಿಯಿಂದ ಕಾರ್ಡಿಯಾಲಜಿಸ್ಟ್ ಗೆಳೆಯ ಒಬ್ಬ ಫೋನ್ ಸ್ಪೀಕರಿನಲ್ಲಿ ಇರುತ್ತಾನೆ. ಚಹಾ, ಸುಸಲಾ, ಆಮೇಲೆ ಮಾತು.

ಕಟ್ಟುಪಾಡು ಹೆಚ್ಚಿಲ್ಲ. ಕಂಪನಿ ರೆಪ್‌ಗಳು ಬರುವಂತಿಲ್ಲ. ಪರದೆ ಮೇಲೆ ಚಿತ್ರ ತೋರಿಸುವಂತಿಲ್ಲ. ಪ್ರತಿ ಸಲ ಒಬ್ಬರು ಜಗತ್ತಿನ ಯಾವುದಾದರೂ ಕಡೆ ನಿಜವಾಗಿ ನಡೆದ ಒಂದು ಕೆಲಸದ ಬಗ್ಗೆ ಓದಿಕೊಂಡು ಬರಬೇಕು. ಅವರು ಹೇಳಿ ಮುಗಿಸಿದ ಮೇಲೆ ಉಳಿದವರು ಕೇಳುವುದು ಒಂದೇ: "ನಮ್ಮ ಕಡಿ ಇದು ಹ್ಯಾಂಗ ಆಗ್ತದ?" ಆಶಾ ಅಕ್ಕಂದಿರನ್ನು, ಅಂಗಡಿಯವರನ್ನು ಹಟ ಹಿಡಿದು ಕರೆದದ್ದು ಈ ಪ್ರಶ್ನೆಗಾಗಿಯೇ. ಬರೀ ಡಾಕ್ಟರುಗಳು ಕೂತರೆ ಮಾತು ಹತ್ತು ನಿಮಿಷದಲ್ಲಿ ಹೃದಯದ ರಕ್ತನಾಳ ತೆರೆದಿಡಲು ಹಾಕುವ ಸ್ಟೆಂಟ್‌ಗೆ ಹೋಗಿಬಿಡುತ್ತದೆ. ಯಾವ ಸ್ಟೆಂಟ್ ಒಳ್ಳೆಯದು, ಎಲ್ಲಿ ಎಷ್ಟು ತಗೊಳ್ತಾರೆ ಇತ್ಯಾದಿ. ಕೇಳಲು ಚೆಂದ, ಆದರೆ ಆಳಂದದಲ್ಲಿ ಅದರಿಂದ ನಾವು ಮಾಡುವಂಥದ್ದು ಏನೂ ಇಲ್ಲ.

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರಿಗೆ 46 ವರ್ಷ. ಆಮೇಲೆ ಕೆಲವು ವಾರ ನಮ್ಮ ಕಡೆಯ ಹುಡುಗರೆಲ್ಲ ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕು, ಟಿಎಂಟಿ (ಓಡಿಸಿ ನೋಡುವ ಇಸಿಜಿ) ಮಾಡಿಸಬೇಕು ಅಂತ ಬಂದರು. ತೋಳಿಗೆ ಒಮ್ಮೆಯೂ ಬಿಪಿ ಪಟ್ಟಿ ಕಟ್ಟಿಸಿಕೊಳ್ಳದವರು! ಹಾಗಾಗಿ ನಮ್ಮ ಮೊದಲ ಮಾತುಗಳಲ್ಲಿ ಇಂಟರ್‌ಹಾರ್ಟ್ ಅಧ್ಯಯನ ಬಂತು. 52 ದೇಶಗಳಲ್ಲಿ ನಡೆದದ್ದು, 2004ರಲ್ಲಿ ಪ್ರಕಟವಾದದ್ದು. ತಂಬಾಕು, ಕೊಬ್ಬು, ಬಿಪಿ, ಶುಗರ್, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ, ನಡಿಗೆ, ಮದ್ಯ, ಈ ಒಂಬತ್ತರಲ್ಲೇ ಮೊದಲ ಹೃದಯಾಘಾತದ ಅಪಾಯದ ಸುಮಾರು ಶೇ. 90 ಭಾಗ ಅಡಗಿದೆ ಅನ್ನುತ್ತದೆ ಅದು. ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಅಟ್ಯಾಕ್ ಬೇರೆಯವರಿಗಿಂತ ಐದಾರು ವರ್ಷ ಮುಂಚೆಯೇ ಆಗುತ್ತದೆ ಅಂತಲೂ ತೋರಿಸಿತು. ಈ ಒಂಬತ್ತರಲ್ಲಿ ಆಳಂದದಲ್ಲಿ ಕುಳಿತು ಅಗ್ಗದಲ್ಲಿ, ಅಳತೆ ಮಾಡಿ, ಕೈಗೆ ಸಿಗುವಂತೆ ಮಾಡಬಹುದಾದದ್ದು ಬಿಪಿ. ಅದನ್ನೇ ಹಿಡಿದೆವು.

ಹಿಡಿದ ಕೂಡಲೇ ಅಳತೆಯ ಪ್ರಶ್ನೆ ಎದ್ದಿತು. ಒಂದು ಸಂಜೆ ಅಂಗಡಿಯವರ ತಂದೆಯವರನ್ನೇ ಕುರ್ಚಿಯಲ್ಲಿ ಕೂಡಿಸಿದೆವು. "ಮುತ್ಯಾ, ಸುಮ್ಮ ಕೂಡ್ರಿ, ಎಲ್ಲಾರೂ ಒಂದೊಂದ ಸಲ ನೋಡ್ತೀವಿ" ಅಂದೆ. "ನಾ ಏನ್ ಎಮ್ಮಿ ಏನ್ರಿ ಸಾಹೇಬ್ರ, ಸಂತಿಯೊಳಗ ಎಲ್ಲಾರೂ ಹಿಡದು ನೋಡ್ಲಿಕ್ಕ?" ಅಂತ ನಕ್ಕರು. ಒಬ್ಬೊಬ್ಬರೂ ನೋಡಿ, ಬೇರೆಯವರಿಗೆ ಹೇಳದೆ ಚೀಟಿಯಲ್ಲಿ ಬರೆದೆವು. ಚೀಟಿ ಬಿಚ್ಚಿದರೆ 130, 150, 160, 140. ಎಲ್ಲವೂ ಸೊನ್ನೆಯಲ್ಲಿ ಮುಗಿದಿವೆ! ಪಾದರಸದ ಕೊಳವೆಯಲ್ಲಿ ಎರಡೆರಡರ ಗೆರೆ ಇರುತ್ತದೆ. 146, 152 ಅಂತ ಬರಬೇಕಲ್ವಾ? ಯಾರೂ ಗೆರೆ ನೋಡುವುದಿಲ್ಲ, ಅಂದಾಜಿಗೆ ಬರೆಯುತ್ತಾರೆ. ಈ ಸೊನ್ನೆಯ ಚಟ ಜಗತ್ತಿನಲ್ಲೆಲ್ಲ ಇದೆ, ಸರ್ಕಾರಿ ಕಾರ್ಯಕ್ರಮಗಳು ಡಿಜಿಟಲ್ ಮಷೀನಿಗೆ ಹೋದದ್ದಕ್ಕೆ ಅದೂ ಒಂದು ಕಾರಣ.

ಆಮೇಲೆ ಸಿಸ್ಟರ್ ಸರಿಯಾಗಿ ಮಾಡಿ ತೋರಿಸಿದರು. ಮುತ್ಯಾರಿಗೆ ಮೊದಲು ಮೂತ್ರಕ್ಕೆ ಹೋಗಿ ಬರಲು ಹೇಳಿದರು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಇಲ್ಲ. ಮೇಜಿನ ಮೇಲೆ ಎರಡು ದಪ್ಪ ಪುಸ್ತಕ ಇಟ್ಟು, ಕೈ ಎದೆಯ ಮಟ್ಟಕ್ಕೆ ಬರುವಂತೆ ಮಾಡಿದರು. ಅಂಗಿಯ ತೋಳಿನ ಮೇಲೆ ಕಟ್ಟಿದ್ದ ಪಟ್ಟಿ ಬಿಚ್ಚಿ, ಬರೀ ತೋಳಿಗೆ ಕಟ್ಟಿದರು. ಐದು ನಿಮಿಷ ಯಾರೂ ಮಾತಾಡಿಸಬಾರದು ಅಂದರು. ಆ ಐದು ನಿಮಿಷ ಎಷ್ಟು ಉದ್ದ ಅಂತ ಓಪಿಡಿಯಲ್ಲಿ ಕೂತವರಿಗೇ ಗೊತ್ತು. ಎರಡು ಸಲ ನೋಡಿದರು: 148, 144. ಮುತ್ಯಾ ಅರ್ಧ ಗಂಟೆ ಮುಂಚೆ ತಂಬಾಕು ಹಾಕಿಕೊಂಡಿದ್ದರು ಅಂತ ಕೊನೆಗೆ ಗೊತ್ತಾಯಿತು, ಅದನ್ನೂ ಮೊದಲೇ ಕೇಳಬೇಕಿತ್ತು ಅಂತ ಸಿಸ್ಟರ್ ಎಲ್ಲರಿಗೂ ಗದರಿಸಿದರು. ಈಗ ನನ್ನ ಕ್ಲಿನಿಕ್‌ನಲ್ಲಿ ಹೊರಗೆ ಒಂದು ಬೇರೆ ಕುರ್ಚಿ ಇದೆ. ಬಿಪಿ ನೋಡಬೇಕಾದವರು ಮೊದಲು ಅದರಲ್ಲಿ ಸುಮ್ಮನೆ ಕೂರಬೇಕು. ಕಾಂಪೌಂಡರ್ ಎರಡು ಸಲ ನೋಡಿ ಬರೆದುಕೊಂಡೇ ಒಳಗೆ ಕಳಿಸುತ್ತಾನೆ.

ಎರಡನೆಯ ದೊಡ್ಡ ವಿಷಯ ಗುಳಿಗೆ ಬಿಡುವವರದು. ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕೈಸರ್ ಪರ್ಮನೆಂಟೆ ಅನ್ನುವ ಆರೋಗ್ಯ ಸಂಸ್ಥೆ ಇದೆ. 2001ರಲ್ಲಿ ಅವರ ಬಿಪಿ ರೋಗಿಗಳಲ್ಲಿ ಶೇ. 44ರಷ್ಟು ಜನರಿಗೆ ಮಾತ್ರ ಹತೋಟಿಯಲ್ಲಿತ್ತು. 2009ಕ್ಕೆ ಅದು ಶೇ. 80ಕ್ಕೆ ಬಂತು. ಹೊಸ ಔಷಧಿಯೇನೂ ಕಂಡುಹಿಡಿದಿರಲಿಲ್ಲ. ಬಿಪಿ ಇರುವವರ ಹೆಸರಿನ ಒಂದೇ ಪಟ್ಟಿ, ಎಲ್ಲ ಡಾಕ್ಟರಿಗೂ ಒಂದೇ ಚಿಕಿತ್ಸಾ ಕ್ರಮ, ಎರಡು ಔಷಧಿ ಒಂದೇ ಗುಳಿಗೆಯಲ್ಲಿ, ದುಡ್ಡಿಲ್ಲದೆ ಬಿಪಿ ತೋರಿಸಿಕೊಂಡು ಹೋಗುವ ಅನುಕೂಲ, ಇಷ್ಟೇ. ನಮ್ಮ ದೇಶದಲ್ಲೂ 2017ರಿಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ), ಆರೋಗ್ಯ ಇಲಾಖೆ, ವಿಶ್ವ ಆರೋಗ್ಯ ಸಂಸ್ಥೆ ಸೇರಿ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಕಾರ್ಯಕ್ರಮ ನಡೆಸುತ್ತಿವೆ.

"ನಮ್ಮಲ್ಲಿ ಪಟ್ಟಿ ಎಲ್ಲಿಂದ ತರೋದು?" ಅಂದೆ ನಾನು. ಸರ್ಕಾರಿ ದವಾಖಾನೆಯ ಪಟ್ಟಿ ಅಲ್ಲಿ ಇದೆ. ಪ್ರೈವೇಟ್‌ನಲ್ಲಿ ತೋರಿಸುವವರದು ಎಲ್ಲೂ ಇಲ್ಲ. ಅಷ್ಟೊತ್ತು ಸುಮ್ಮನಿದ್ದ ಅಂಗಡಿಯವರು ಎದ್ದು ಹೋಗಿ ತಮ್ಮ ಉದ್ರಿ ಪುಸ್ತಕ ತಂದರು. ಕೆಂಪು ರಟ್ಟಿನ ಉದ್ದನೆಯ ಪುಸ್ತಕ. ಯಾರು ಯಾವ ಗುಳಿಗೆ ಎಷ್ಟು ಒಯ್ದರು, ಎಷ್ಟು ಬಾಕಿ, ಎಲ್ಲ ಅದರಲ್ಲಿದೆ. "ನೋಡ್ರಿ, ಈ ಅಮ್ಮ ಹ್ವಾದ ತಿಂಗಳ ಹತ್ತ ಗುಳಿಗಿ ಒಯ್ದಾಳ. ಈ ತಿಂಗಳ ಬಂದೇ ಇಲ್ಲ. ರೊಕ್ಕ ಬಾಕಿ ಅದ ಅಂತ ನಾಚಿ ಬಂದಿಲ್ಲ, ನನಗ ಗೊತ್ತದ." ನಮಗೆ ಬೇಕಾದ ಪಟ್ಟಿ ಅಲ್ಲೇ ಇತ್ತು. ಯಾರು ಗುಳಿಗೆ ಬಿಟ್ಟಿದ್ದಾರೆ ಅಂತ ಡಾಕ್ಟರಿಗಿಂತ ಮೊದಲು ತಿಳಿಯುವುದು ಅಂಗಡಿಯವರಿಗೆ.

ಆಮೇಲೆ ಒಂದು ವ್ಯವಸ್ಥೆ ಮಾಡಿಕೊಂಡೆವು. ಒಪ್ಪಿದವರ ಹೆಸರು, ಫೋನ್ ನಂಬರು ಮಾತ್ರ ಬೇರೆ ನೋಟ್‌ಬುಕ್ಕಿಗೆ. ಒಪ್ಪದವರನ್ನು ಕೆಣಕುವುದಿಲ್ಲ. ತಿಂಗಳು ಕಳೆದು ಒಂದು ವಾರವಾದರೂ ಗುಳಿಗೆಗೆ ಬರದಿದ್ದರೆ ಅಂಗಡಿಯ ಹುಡುಗ ಫೋನ್ ಮಾಡುತ್ತಾನೆ. ಬಾಕಿಯ ಮಾತು ಎತ್ತಬಾರದು ಅನ್ನುವುದು ಕರಾರು. ಬಿಡಿಬಿಡಿಯಾಗಿ ಐದು, ಹತ್ತು ಗುಳಿಗೆ ಕತ್ತರಿಸಿ ಕೊಡುವುದು ಕಡಿಮೆಯಾಗಿದೆ. ಒಂದು ತಿಂಗಳಿನದು ಒಟ್ಟಿಗೆ. ದುಡ್ಡು ಕಷ್ಟ ಅನ್ನುವವರನ್ನು ಸಿಸ್ಟರ್ ಕಡೆ ಕಳಿಸುತ್ತೇವೆ, ಸರ್ಕಾರಿ ದವಾಖಾನೆಯಲ್ಲಿ ಇದೇ ಗುಳಿಗೆ ಉಚಿತ. "ನಿಮ್ಮ ಪೇಷಂಟ್ ಕಳಕೊಳ್ತೀರಿ" ಅಂತ ಒಬ್ಬರು ಚೇಷ್ಟೆ ಮಾಡಿದರು. ಲಕ್ವಾ ಹೊಡೆದು ಹಾಸಿಗೆ ಹಿಡಿದವರು ಕೂಡ ನನ್ನ ಪೇಷಂಟ್ ಆಗಿ ಉಳಿಯುವುದಿಲ್ಲ.

ಎಲ್ಲರದೂ ಒಂದೇ ಕ್ರಮ ಇರಲಿ ಅಂತ ಒಂದು ಹಾಳೆ ಬರೆದುಕೊಂಡಿದ್ದೇವೆ. ಸಾಮಾನ್ಯ ಬಿಪಿಗೆ ಆಮ್ಲೋಡಿಪಿನ್ 5ರಿಂದ ಶುರು. ತಿಂಗಳಲ್ಲಿ 140/90ರ ಕೆಳಗೆ ಬರದಿದ್ದರೆ ಟೆಲ್ಮಿಸಾರ್ಟನ್ 40 ಸೇರಿಸುವುದು, ಆಮೇಲೆ ಡೋಸ್ ಏರಿಸುವುದು, ಆಮೇಲೆ ಕ್ಲೋರ್‌ಥಾಲಿಡೋನ್. ಬಸುರಿಯರಿಗೆ ಟೆಲ್ಮಿಸಾರ್ಟನ್ ಕೂಡದು ಅನ್ನುವುದನ್ನು ಕೆಂಪು ಶಾಯಿಯಲ್ಲಿ ಬರೆದಿದೆ. (ಇದು ಡಾಕ್ಟರುಗಳ ಹಾಳೆ. ಓದಿದವರು ತಾವೇ ಗುಳಿಗೆ ಶುರು ಮಾಡಬೇಡಿ.) ದುಡಿಯಲು ಮುಂಬೈ, ಪುಣೆ, ಹೈದರಾಬಾದಿಗೆ ಹೋಗುವವರಿಗೆ ಒಂದು ಕಾರ್ಡು. ಅದರಲ್ಲಿ ಬ್ರ್ಯಾಂಡಿನ ಹೆಸರಲ್ಲ, ಔಷಧಿಯ ಮೂಲ ಹೆಸರು, ಕನ್ನಡ ಹಿಂದಿ ಎರಡರಲ್ಲೂ. ರಂಜಾನ್ ತಿಂಗಳಿನಲ್ಲಿ ರೋಜಾ ಇರುವವರು ಗುಳಿಗೆಯನ್ನೇ ಬಿಟ್ಟುಬಿಡುತ್ತಿದ್ದರು. ಈಗ ಮುಂಚೆಯೇ ಹೇಳುತ್ತೇವೆ, ಇಫ್ತಾರ್ ಆದಮೇಲೆ ತಗೊಳ್ಳಿ.

ಉಪ್ಪಿನ ವಿಷಯದಲ್ಲಿ ಮಾತ್ರ ಹೊರಗಿನದನ್ನು ಹಾಗೇ ತಂದು ಹಾಕಲು ಆಗಲಿಲ್ಲ. ಫಿನ್‌ಲ್ಯಾಂಡಿನ ನಾರ್ತ್ ಕರೇಲಿಯಾ ಜಿಲ್ಲೆಯಲ್ಲಿ 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ಯುವ ಡಾಕ್ಟರ್ ಶುರು ಮಾಡಿದ ಕೆಲಸದ ಬಗ್ಗೆ ಒಬ್ಬರು ಹೇಳಿದರು. ಅಲ್ಲಿನ ಗಂಡಸರು ಬೆಣ್ಣೆ, ಕೊಬ್ಬಿನ ಹಾಲು, ಉಪ್ಪು, ಸಿಗರೇಟಿನಿಂದ ನಡುವಯಸ್ಸಿನಲ್ಲೇ ಸಾಯುತ್ತಿದ್ದರು. ಹೆಂಗಸರ ಸಂಘದವರು ಊರೂರಲ್ಲಿ ಅಡುಗೆ ಮಾಡಿ ತೋರಿಸಿದರು, ಸಾಸೇಜ್ ಮಾಡುವವರು ಕೊಬ್ಬು ಉಪ್ಪು ಕಡಿಮೆ ಮಾಡಿದರು, ಹಾಲಿನ ರೈತರು ಹಣ್ಣಿನ ಬೆಳೆಗೆ ಬಂದರು. ನಾಲ್ಕು ದಶಕದಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದಯಾಘಾತದ ಸಾವು ಶೇ. 80ಕ್ಕೂ ಹೆಚ್ಚು ಇಳಿಯಿತು. ಆಶಾ ಅಕ್ಕ ಒಬ್ಬರು ಕೇಳಿ, "ಬೆಣ್ಣಿ ತಿನ್ನೋಷ್ಟು ನಮ್ಮಲ್ಲಿ ಯಾರ ಬಲ್ಲಿ ಅದ್ರಿ? ನಮ್ದು ಉಪ್ಪಿನ ಲೆಕ್ಕ ನೋಡ್ರಿ" ಅಂದರು. ಹೌದು. ಜೋಳದ ರೊಟ್ಟಿಗೆ ಉಪ್ಪು ಹಾಕುವುದಿಲ್ಲ. ಉಪ್ಪೆಲ್ಲ ಬರುವುದು ಶೇಂಗಾ ಚಟ್ನಿ, ಕೆಂಪು ಖಾರ, ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿಯಿಂದ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ, ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾಗಿ ಅಕ್ಕಂದಿರು "ಉಪ್ಪು ಬಿಡಿ" ಅನ್ನುವುದಿಲ್ಲ. ಚಟ್ನಿ ಪುಡಿ ಕುಟ್ಟುವ ದಿನ ಅಳತೆಯ ಉಪ್ಪಿನಲ್ಲಿ ಕಾಲು ಭಾಗ ತೆಗೆದಿಡಿ, ತಟ್ಟೆಯ ಪಕ್ಕ ಬೇರೆ ಉಪ್ಪು ಬೇಡ, ಇಷ್ಟೇ ಹೇಳುತ್ತಾರೆ. ಸೊಸೆಗೆ ಹೇಳಿದರೆ ಪ್ರಯೋಜನ ಇಲ್ಲ, ಅತ್ತೆಗೇ ಹೇಳಬೇಕು ಅಂತಲೂ ಅವರೇ ಕಂಡುಕೊಂಡದ್ದು.

ಚೀನಾದ 600 ಹಳ್ಳಿಗಳ ಅಧ್ಯಯನದಲ್ಲಿ ಅರ್ಧ ಹಳ್ಳಿಗಳಿಗೆ, ಉಪ್ಪಿನ ನಾಲ್ಕನೇ ಒಂದು ಭಾಗ ತೆಗೆದು ಅದರ ಬದಲು ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿ ಕೊಟ್ಟರು. ಅಲ್ಲಿ ಲಕ್ವಾ ಶೇ. 14ರಷ್ಟು ಕಡಿಮೆಯಾಯಿತು ಅಂತ 2021ರಲ್ಲಿ ಪ್ರಕಟವಾಯಿತು. ಇದರ ಮೇಲೆ ನಮ್ಮಲ್ಲಿ ದೊಡ್ಡ ವಾದವೇ ಆಯಿತು. ನಾನು ಎಲ್ಲರಿಗೂ ಹೇಳುವುದಕ್ಕೆ ಒಪ್ಪುವುದಿಲ್ಲ. ಕಿಡ್ನಿ ಕೆಟ್ಟವರಿಗೆ ಪೊಟ್ಯಾಸಿಯಂ ಏರಿದರೆ ಹೃದಯವೇ ನಿಲ್ಲಬಹುದು. ಟೆಲ್ಮಿಸಾರ್ಟನ್ ತಗೊಳ್ಳುವವರಿಗೂ ಮೇಲಿನಿಂದ ಪೊಟ್ಯಾಸಿಯಂ ಏರುತ್ತದೆ. ನಮ್ಮಲ್ಲಿ ಶುಗರ್‌ನಿಂದ ಕಿಡ್ನಿ ಕೆಟ್ಟಿದೆ ಅಂತ ಗೊತ್ತೇ ಇಲ್ಲದವರು ಎಷ್ಟು ಜನ! ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ನೋಡದೆ ಆ ಉಪ್ಪು ಬೇಡ ಅನ್ನುವಲ್ಲಿಗೆ ನಿಂತಿದೆ.

ಬಿಸಿಲಿನ ವಿಷಯ ಯಾವ ವಿದೇಶಿ ಕಾಗದದಲ್ಲೂ ನಮಗೆ ಬೇಕಾದಂತೆ ಸಿಗಲಿಲ್ಲ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ. ನೀರಿನ ಗುಳಿಗೆ (ಮೂತ್ರ ಹೆಚ್ಚಿಸಿ ಬಿಪಿ ಇಳಿಸುವುದು) ತಗೊಳ್ಳುವ ಮುದುಕರು ಹೊಲಕ್ಕೆ ಹೋಗಿ, ಬೆವರಿ, ಎದ್ದು ನಿಂತಾಗ ತಲೆ ತಿರುಗಿ ಬೀಳುತ್ತಾರೆ. ಆಗ ಮನೆಯವರು ಎಲ್ಲ ಗುಳಿಗೆಯನ್ನೂ ನಿಲ್ಲಿಸುತ್ತಾರೆ. ಮಳೆಗಾಲಕ್ಕೆ ಬಿಪಿ 180 ಆಗಿ ಬರುತ್ತಾರೆ. ಈಗ ಯುಗಾದಿ ಆದಮೇಲೆ ಇಂಥವರನ್ನು ಒಮ್ಮೆ ಕರೆಸಿ, ನಿಂತಾಗಿನ ಬಿಪಿಯನ್ನೂ ನೋಡಿ ಡೋಸ್ ತಿದ್ದುತ್ತೇವೆ. ವಾಂತಿ ಭೇದಿ ಆದ ದಿನ ಯಾವ ಗುಳಿಗೆ ತಡೆಯಬೇಕು, ಯಾರಿಗೆ ಫೋನ್ ಮಾಡಬೇಕು ಅಂತ ಕಾರ್ಡಿನ ಹಿಂದೆ ಬರೆದುಕೊಡುತ್ತೇವೆ.

ತಂಬಾಕಿನಲ್ಲಿ ನಮ್ಮ ಗುಂಪು ಹೆಚ್ಚೇನೂ ಸಾಧಿಸಿಲ್ಲ. ಗುಟ್ಕಾ 2013ರಲ್ಲೇ ರಾಜ್ಯದಲ್ಲಿ ನಿಷೇಧವಾಯಿತು. ಈಗ ಮಸಾಲಾ ಒಂದು ಚೀಟು, ತಂಬಾಕು ಒಂದು ಚೀಟು, ಕೂಡಿಸಿದರೆ ಅದೇ ಗುಟ್ಕಾ.

ಎದೆ ನೋವನ್ನು "ಗ್ಯಾಸ್" ಅನ್ನುವ ಅಭ್ಯಾಸದ ಮೇಲೆ ಮಾತ್ರ ಸ್ವಲ್ಪ ಕೆಲಸ ಆಗಿದೆ. ನೋವು ಬಂದವರು ಮೊದಲು ಬರುವುದು ಮೆಡಿಕಲ್ ಅಂಗಡಿಗೆ, "ಗ್ಯಾಸಿನ ಗುಳಿಗಿ ಕೊಡ್ರಿ" ಅಂತ. ಹೆಪ್ಪು ಕರಗಿಸುವ ಇಂಜೆಕ್ಷನ್ ಮೊದಲ ಒಂದೆರಡು ಗಂಟೆಯಲ್ಲಿ ಸಿಕ್ಕರೆ ಹೃದಯದ ಸ್ನಾಯು ಜಾಸ್ತಿ ಉಳಿಯುತ್ತದೆ, ತಡವಾದಷ್ಟೂ ಲಾಭ ಕಡಿಮೆ. ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ತಜ್ಞರಿಗೆ ಕಳಿಸಿ, ಅವರು ಹೌದು ಅಂದರೆ ಇಂಥದ್ದೇ ಇಂಜೆಕ್ಷನ್ ಆದ ಟೆನೆಕ್ಟೆಪ್ಲೇಸ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಯ ಹೊಸ ಕಟ್ಟಡವೂ ಬಂದಿದೆ. ಆದರೆ ಗ್ಯಾಸಿನ ಗುಳಿಗೆ ನುಂಗಿ ಮನೆಗೆ ಹೋಗಿ ಮಲಗಿದವರಿಗೆ ಇದ್ಯಾವುದೂ ತಲುಪುವುದಿಲ್ಲ.

ಅದಕ್ಕೆ ಅಂಗಡಿಯವರು ಈಗ ಗುಳಿಗೆ ಕೊಡುವ ಮುಂಚೆ ಮೂರು ಮಾತು ಕೇಳುತ್ತಾರೆ. ಬೆವರು ಬಂದದ ಏನು? ನೋವು ಕೈಗೆ, ದವಡಿಗೆ ಹರೀತದ ಏನು? ನಡೆದರ ಜಾಸ್ತಿ ಆಗ್ತದ ಏನು? ಒಂದಕ್ಕೆ ಹೌದು ಅಂದರೂ ಗುಳಿಗೆ ಕೊಡುವುದಿಲ್ಲ. ಕುರ್ಚಿ ಹಾಕಿ ಕೂಡಿಸಿ, 108ಕ್ಕೆ ಫೋನ್ ಹಚ್ಚುತ್ತಾರೆ. ಗಾಡಿ ತಡ ಅಂದರೆ ಅಂಗಡಿಯ ಹುಡುಗನೇ ಆಟೋ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ಮೂರೂ ಇಲ್ಲ ಅಂದರೂ ಶುಗರ್ ಇರುವವರು, ವಯಸ್ಸಾದವರು ಆದರೆ ಇಸಿಜಿಗೆ ಕಳಿಸುತ್ತಾರೆ, ಶುಗರ್‌ನವರಿಗೆ ನೋವೇ ಇಲ್ಲದೆಯೂ ಅಟ್ಯಾಕ್ ಆಗುತ್ತದೆ. ಇಸಿಜಿ ನಾರ್ಮಲ್ ಬಂದವರು ಕೆಲವರು ಮರುದಿನ ಬಂದು ಅಂಗಡಿಯವರನ್ನು ಬೈದದ್ದೂ ಇದೆ, "ಸುಮ್ನೆ ಅಂಜಿಸಿದ್ರಿ" ಅಂತ. ಅವರು ಬೈಸಿಕೊಂಡು, ಆಮೇಲೆ ಗ್ಯಾಸಿನ ಗುಳಿಗೆ ಕೊಟ್ಟು ಕಳಿಸುತ್ತಾರೆ.