ಬಾಡಿಗೆ ಕರಾರಿಗೆ ಒಂದು ಸಾಲು ಸೇರಿಸಿದ್ದು

ನಮ್ಮದು ಬೆಂಗಳೂರಿನಲ್ಲಿ 30×40 ಸೈಟಿನ ಮನೆ. ಕೆಳಗೆ ನಾವಿದ್ದೇವೆ, ಮೇಲೆ ನಾಲ್ಕು ಬಾಡಿಗೆ ಮನೆಗಳು. ಒಂದು ರಾತ್ರಿ ಎರಡನೇ ಮಹಡಿಯ ಹುಡುಗಿ ಮಗು ಎತ್ತಿಕೊಂಡು ಕೆಳಗಿಳಿದು ಬಂದಳು. "ಆಂಟಿ, ಬಾತ್‌ರೂಮಿನಿಂದ ಸಿಗರೇಟ್ ಹೊಗೆ ಬರ್ತಿದೆ. ಮಗು ಕೆಮ್ಮು ನಿಲ್ತಾನೇ ಇಲ್ಲ" ಅಂದಳು.

ಅವಳ ಮನೆಯಲ್ಲಿ ಯಾರೂ ಸೇದುವುದಿಲ್ಲ. ಸೇದುತ್ತಿದ್ದವರು ಅವಳ ಕೆಳಗಿನ ಮನೆಯವರು. ಎಲ್ಲ ಬಾತ್‌ರೂಮುಗಳ ವೆಂಟಿಲೇಟರ್ ಒಂದೇ ಡಕ್ಟ್‌ಗೆ ತೆರೆಯುತ್ತವೆ. ಅಲ್ಲಿ ಬಿಟ್ಟ ಹೊಗೆ ನೇರ ಮೇಲಕ್ಕೆ ಹೋಗುತ್ತಿತ್ತು. ಅವರು ಕೆಟ್ಟವರಲ್ಲ. "ಬಾಗಿಲು ಹಾಕ್ಕೊಂಡೇ ಸೇದ್ತೀನಲ್ಲ ಮೇಡಂ" ಅಂದರು, ಅದು ಸಾಕು ಅಂತ ನಿಜವಾಗಿ ನಂಬಿದ್ದರು.

ನಾನು ಮೊದಲು ಮಾಡಿದ ತಪ್ಪು ಅವರ ಬಾತ್‌ರೂಮಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದು. ಹೊಗೆ ಇನ್ನೂ ಜಾಸ್ತಿಯಾಗಿ ಡಕ್ಟ್‌ಗೆ ಹೋಯಿತು. ಫ್ಯಾನ್, ಕಿಟಕಿ ನಂಬಿಕೊಂಡು ಬೇರೆಯವರನ್ನು ಹೊಗೆಯಿಂದ ಪೂರ್ತಿ ಕಾಪಾಡಲು ಆಗುವುದಿಲ್ಲ ಎಂದು ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಹಿರಿಯ ಆರೋಗ್ಯಾಧಿಕಾರಿ) ವರದಿ 2006ರಲ್ಲೇ ಹೇಳಿದೆ. ನನಗೆ ಗೊತ್ತಾಗಿದ್ದು ದುಡ್ಡು ಹಾಕಿದ ಮೇಲೆ.

ಕಾನೂನಿನ ಸಹಾಯ ಸಿಗುತ್ತಾ ಅಂತ ನೋಡಿದೆ. 2003ರ ಕೋಟ್ಪಾ, ಅಂದರೆ ತಂಬಾಕು ನಿಯಂತ್ರಣ ಕಾಯ್ದೆ, ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ತಡೆಯುತ್ತದೆ. ಮನೆಯೊಳಗೆ ಅದು ಬರುವುದಿಲ್ಲ. ನನ್ನ ಕೈಯಲ್ಲಿ ಉಳಿದದ್ದು ಬಾಡಿಗೆ ಕರಾರು ಮಾತ್ರ.

ಮಧ್ಯದಲ್ಲಿ ಹೊಸ ಷರತ್ತು ಹೇರುವುದು ನ್ಯಾಯ ಅಲ್ಲ ಅನ್ನಿಸಿತು. ಅವರವರ 11 ತಿಂಗಳ ಕರಾರು ಮುಗಿಯುವವರೆಗೆ ಕಾದೆ. ಆ ಕೆಳಗಿನ ಮನೆಯವರು ಅಷ್ಟರಲ್ಲಿ ಕೆಲಸ ಬದಲಾಗಿ ಬೇರೆ ಊರಿಗೆ ಹೋದರು. ಮನೆ ನೋಡಿದರೆ ಗೋಡೆಯೆಲ್ಲ ಹಳದಿ. ಪೇಂಟರ್ ಸುಮ್ನೆ ಎರಡು ಕೋಟ್ ಬಳಿದು ಹೋದ. ಮಳೆಗಾಲದ ತೇವಕ್ಕೆ ಕಲೆ ಮತ್ತೆ ಮೇಲೆ ಬಂತು, ವಾಸನೆಯೂ ಬಂತು. ಸಿಗರೇಟಿನ ಟಾರ್, ನಿಕೋಟಿನ್ ಗೋಡೆಗೇ ಅಂಟಿಕೊಂಡಿರುತ್ತವೆ. ಸೋಪಿನ ನೀರಿನಲ್ಲಿ ಗೋಡೆ ಉಜ್ಜಿಸಿ, ಒಣಗಿಸಿ, ಆಯಿಲ್ ಪ್ರೈಮರ್ ಹೊಡೆಸಿದ ಮೇಲೆ ಬಣ್ಣ ನಿಂತಿತು.

ಕರಾರಿನಲ್ಲಿ ಬರೆಸಿದ್ದು ಇಷ್ಟು: "ಮನೆಯೊಳಗೆ, ಬಾತ್‌ರೂಮ್, ಬಾಲ್ಕನಿ, ಮೆಟ್ಟಿಲು, ಟೆರೇಸಿನಲ್ಲಿ ಬೀಡಿ, ಸಿಗರೇಟ್, ಹುಕ್ಕಾ ಸೇದುವಂತಿಲ್ಲ. ಮನೆಗೆ ಬಂದ ನೆಂಟರಿಗೂ ಇದು ಅನ್ವಯ." ಜಾಗಗಳ ಹೆಸರು ಹಾಕಲೇಬೇಕು. ಬರೀ "ಮನೆಯಲ್ಲಿ" ಅಂತ ಬರೆದರೆ ಬಾಲ್ಕನಿ ಮನೆಯಲ್ಲ ಅನ್ನುವವರಿದ್ದಾರೆ. ಗೋಡೆ ಹಾಳಾದರೆ ಖರ್ಚು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತೇನೆ ಅಂತಲೂ ಬರೆಸಿದೆ. ಕೀ ಕೊಡುವ ಮುಂಚೆ ಇದನ್ನು ಬಾಯಲ್ಲಿ ಓದಿ ಹೇಳುತ್ತೇನೆ.

ಸೇದುವವರಿಗೆ ಮನೆ ಕೊಡಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ಅವರಿಗೆ ಹೊರಗೊಂದು ಜಾಗ ಬೇಕಲ್ಲ. ಅಮೆರಿಕದ ಸರ್ಕಾರಿ ವಸತಿಗಳಲ್ಲಿ 2018ರಿಂದ ಕಟ್ಟಡದ 25 ಅಡಿ ಒಳಗೆ ಸೇದುವಂತಿಲ್ಲ. ನಮ್ಮ ಸೈಟಿನಲ್ಲಿ 25 ಅಡಿ ಎಲ್ಲಿಂದ ತರೋದು? ಗೇಟಿನ ಪಕ್ಕ, ಯಾವ ಕಿಟಕಿಯೂ ಇಲ್ಲದ ಮೂಲೆಯಲ್ಲಿ ಒಂದು ಕುರ್ಚಿ, ಮರಳು ತುಂಬಿದ ಬಕೆಟ್ ಇಟ್ಟೆ. ಬಿಡಬೇಕು ಅನ್ನುವವರಿಗೆ ಸಿಗಲಿ ಅಂತ ಸರ್ಕಾರದ ಉಚಿತ ಸಹಾಯವಾಣಿ 1800-11-2356 ಅಲ್ಲೇ ಗೋಡೆಗೆ ಅಂಟಿಸಿದೆ.

ಹೋದ ವರ್ಷ ಒಬ್ಬ ಬಾಡಿಗೆದಾರರ ತಂದೆ ಮಂಡ್ಯದಿಂದ ಬಂದು ಎರಡು ತಿಂಗಳಿದ್ದರು. ಎಪ್ಪತ್ತು ದಾಟಿದವರು, ಬೀಡಿ ಬಿಡಲಾರರು. ಮಗ ಹೇಳುವ ಮೊದಲೇ ತಾವೇ ಆ ಕುರ್ಚಿ ಹುಡುಕಿಕೊಂಡರು. ಒಂದು ಸಂಜೆ ಮಳೆಯಲ್ಲಿ ಟವೆಲ್ ಹೊದ್ದು ಅಲ್ಲೇ ಕೂತಿದ್ದರು. ಮರುದಿನವೇ ಆ ಮೂಲೆಗೆ ಶೀಟ್ ಹಾಕಿಸಿದೆ.