ಹಾರ್ನ್ ಸತ್ತು ಏರ್‌ಬ್ಯಾಗ್ ದೀಪ ಹೊತ್ತಿದರೆ: ಸ್ಟೀರಿಂಗ್ ಬಿಚ್ಚಿ ಜೋಡಿಸುವ ಕ್ರಮ

ಹಾರ್ನ್ ಒತ್ತಿದರೆ ಸದ್ದಿಲ್ಲ. ಸ್ಟೀರಿಂಗ್ ಮೇಲಿನ ವಾಲ್ಯೂಮ್ ಬಟನ್‌ಗಳು ಕೆಲಸ ಮಾಡುತ್ತಿಲ್ಲ. ಮೀಟರಿನಲ್ಲಿ ಏರ್‌ಬ್ಯಾಗಿನ ಕೆಂಪು ದೀಪ ಆರುತ್ತಲೇ ಇಲ್ಲ. ಮೂರೂ ಒಟ್ಟಿಗೆ ಕಾಣಿಸಿಕೊಂಡರೆ ಕೆಟ್ಟಿರುವುದು ಬಹುತೇಕ ಒಂದೇ ಭಾಗ, ಸ್ಟೀರಿಂಗ್ ಹಿಂದೆ ಕೂತಿರುವ ಕ್ಲಾಕ್ ಸ್ಪ್ರಿಂಗ್. ಬಿಡಿಭಾಗದ ಅಂಗಡಿಗಳಲ್ಲಿ ಇದಕ್ಕೆ ಸ್ಪೈರಲ್ ಕೇಬಲ್ ಎಂದೂ ಹೇಳುತ್ತಾರೆ. ತಿರುಗುವ ಸ್ಟೀರಿಂಗಿಗೂ ಅದನ್ನು ಹೊತ್ತಿರುವ, ತಿರುಗದ ಕಂಬಕ್ಕೂ (ಕಾಲಮ್) ನಡುವೆ ವಿದ್ಯುತ್ ಸಂಪರ್ಕ ಕಡಿಯದಂತೆ ನೋಡಿಕೊಳ್ಳುವುದು ಇದರ ಕೆಲಸ. ದರ್ಜಿಯ ಟೇಪಿನಂತೆ ಸುರುಳಿ ಸುತ್ತಿದ ಚಪ್ಪಟೆ ಕೇಬಲ್ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಬಿಗಿಯಾಗುತ್ತಾ, ಸಡಿಲವಾಗುತ್ತಾ ಇರುತ್ತದೆ. ವರ್ಷಗಟ್ಟಲೆ ಬಳಸಿದ ಮೇಲೆ ಅದು ಒಂದು ಕಡೆ ಸೀಳುತ್ತದೆ. ಸ್ಟೀರಿಂಗ್ ತಿರುಗಿಸುವಾಗ ಒಳಗಿನಿಂದ ಕಾಗದ ಉಜ್ಜಿದಂಥ ಸದ್ದು ಬರುತ್ತಿದ್ದರೆ ಅದು ಮುನ್ಸೂಚನೆ.

ಹಾರ್ನ್ ಮಾತ್ರ ಕೆಟ್ಟಿದ್ದರೆ ಮೊದಲು ಫ್ಯೂಸ್ ಮತ್ತು ರಿಲೇ ನೋಡಿ. ಏರ್‌ಬ್ಯಾಗ್ ದೀಪ ಮಾತ್ರ ಉರಿಯುತ್ತಿದ್ದರೆ ಇಗ್ನಿಷನ್ ಆಫ್ ಮಾಡಿ ಮುಂದಿನ ಸೀಟಿನ ಕೆಳಗೆ ಬಗ್ಗಿ ನೋಡಿ. ಅಲ್ಲಿ ಹಳದಿ ಕನೆಕ್ಟರ್ ಇರುವ ಕಾರುಗಳಲ್ಲಿ ಸೀಟು ಹಿಂದೆ ಮುಂದೆ ಸರಿಸಿ, ಕೆಳಗೆ ಸಾಮಾನು ತುರುಕಿ ಅದು ಸಡಿಲವಾಗಿರುವುದೇ ಹೆಚ್ಚು. ಇಷ್ಟನ್ನು ನೋಡದೆ ಸ್ಟೀರಿಂಗ್ ಬಿಚ್ಚಲು ಹೊರಡಬೇಡಿ.

ಭಾರತದಲ್ಲಿ 2019ರ ಜುಲೈ 1ರಿಂದ ಎಲ್ಲ ಹೊಸ ಕಾರುಗಳಲ್ಲೂ ಚಾಲಕರ ಏರ್‌ಬ್ಯಾಗ್ ಕಡ್ಡಾಯ. ಹೀಗಾಗಿ ಅತಿ ಅಗ್ಗದ ಹ್ಯಾಚ್‌ಬ್ಯಾಕಿನ ಸ್ಟೀರಿಂಗಿನಲ್ಲೂ ಈಗ ಸಣ್ಣದೊಂದು ಸ್ಫೋಟಕ ಇದೆ. ಹಾರ್ನ್ ಪ್ಯಾಡ್ ಕಿತ್ತು, ನಟ್ ಬಿಚ್ಚಿ, ಸುತ್ತಿಗೆಯಲ್ಲಿ ಎರಡೇಟು ಹಾಕಿ ಸ್ಟೀರಿಂಗ್ ಎಳೆಯುವ ಹಳೆಯ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಕೆಲಸ ಕಷ್ಟದ್ದಲ್ಲ. ಆದರೆ ಕ್ರಮ ತಪ್ಪಬಾರದು, ಆತುರವೂ ಸಲ್ಲದು.

ಯಾವಾಗ ಕೈ ಹಾಕಬಾರದು

ಅಪಘಾತದಲ್ಲಿ ಏರ್‌ಬ್ಯಾಗ್ ಒಮ್ಮೆ ಸಿಡಿದಿದ್ದರೆ ಇದು ಮನೆಯ ಕೆಲಸವಲ್ಲ. ಆಗ ಏರ್‌ಬ್ಯಾಗ್ ಒಂದನ್ನೇ ಬದಲಿಸಿದರೆ ಸಾಲದು. ಏರ್‌ಬ್ಯಾಗ್ ಯಾವಾಗ ಸಿಡಿಯಬೇಕೆಂದು ನಿರ್ಧರಿಸುವ ಕಂಟ್ರೋಲ್ ಮಾಡ್ಯೂಲ್, ಡಿಕ್ಕಿ ಗುರುತಿಸುವ ಸೆನ್ಸರ್, ಸೀಟ್‌ಬೆಲ್ಟ್ ಬಿಗಿಗೊಳಿಸುವ ಪ್ರಿಟೆನ್ಷನರ್ ಎಲ್ಲವನ್ನೂ ಕಂಪನಿಯ ಪಟ್ಟಿಯಂತೆ ಪರೀಕ್ಷಿಸಿ ಬದಲಿಸಬೇಕಾಗುತ್ತದೆ.

ಇನ್ನೊಂದು, ಟಕಾಟಾ ಕಂಪನಿಯ ಇನ್‌ಫ್ಲೇಟರ್ (ಏರ್‌ಬ್ಯಾಗನ್ನು ಉಬ್ಬಿಸುವ ಭಾಗ) ಇರುವ ಹಳೆಯ ಕಾರುಗಳು. ಅವುಗಳಲ್ಲಿನ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಬಿಸಿಲು ಮತ್ತು ತೇವ ಉಂಡು ಹಾಳಾಗುತ್ತದೆ. ಸಿಡಿಯುವಾಗ ಲೋಹದ ಕವಚವೇ ಒಡೆದು ಚೂರುಗಳು ಮುಖಕ್ಕೆ ಹಾರುತ್ತವೆ. ಹೋಂಡಾ ಸೇರಿದಂತೆ ಹಲವು ಕಂಪನಿಗಳು ಭಾರತದಲ್ಲೂ ಇಂಥ ಕಾರುಗಳನ್ನು ಹಿಂದಕ್ಕೆ ಕರೆಸಿವೆ. ಮಂಗಳೂರು, ಉಡುಪಿ, ಕಾರವಾರದಂಥ ಸೆಕೆಯ ಊರುಗಳಲ್ಲಿ ಹಳೆಯ ಕಾರು ಇಟ್ಟುಕೊಂಡವರು ಚಾಸಿ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಲೇಬೇಕು. ಪಟ್ಟಿಯಲ್ಲಿ ನಿಮ್ಮ ಕಾರಿದ್ದರೆ ಮುಟ್ಟದೆ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಬದಲಾವಣೆ ಉಚಿತ.

ಬೇಕಾದ ಸಲಕರಣೆ

ಬ್ಯಾಟರಿಗೆ 10 ಎಂಎಂ ಸ್ಪ್ಯಾನರ್, ಸ್ಟೀರಿಂಗ್ ನಟ್ಟಿಗೆ ಸಾಕೆಟ್ (ಹೆಚ್ಚಿನ ಕಾರುಗಳಲ್ಲಿ 17 ಅಥವಾ 19 ಎಂಎಂ), ಉದ್ದದ ಎಕ್ಸ್‌ಟೆನ್ಷನ್, ಟಿ30 ಟಾರ್ಕ್ಸ್ ಬಿಟ್, ಚಪ್ಪಟೆ ಮತ್ತು ಸ್ಟಾರ್ ಸ್ಕ್ರೂಡ್ರೈವರ್, ಪೇಂಟ್ ಮಾರ್ಕರ್, ಮಾಸ್ಕಿಂಗ್ ಟೇಪ್, ಎಷ್ಟು ಬಲದಲ್ಲಿ ಬಿಗಿದಿರಿ ಎಂದು ಅಳೆಯುವ ಟಾರ್ಕ್ ರೆಂಚ್. ಕೊನೆಯದನ್ನು ಬಾಡಿಗೆಗಾದರೂ ತನ್ನಿ. ಸ್ಟೀರಿಂಗ್ ನಟ್ಟನ್ನು ಅಂದಾಜಿನಲ್ಲಿ ಬಿಗಿಯುವುದು ಸರಿಯಲ್ಲ. ನಿಮ್ಮ ಮಾಡೆಲ್ಲಿನ ಸರ್ವಿಸ್ ಮ್ಯಾನುಯಲ್ ಸಿಕ್ಕರೆ ಅದೇ ಕೊನೆಯ ಮಾತು.

ಕ್ಲಾಕ್ ಸ್ಪ್ರಿಂಗ್ ಹೊಸದನ್ನೇ ಕೊಳ್ಳಿ, ಅದೂ ಚಾಸಿ ನಂಬರ್ ಹೇಳಿ. ಒಂದೇ ಮಾಡೆಲ್ಲಿನಲ್ಲೂ ಆಡಿಯೊ ಬಟನ್ ಇರುವ, ಇಲ್ಲದ ಆವೃತ್ತಿಗಳಿಗೆ ತಂತಿಗಳ ಸಂಖ್ಯೆ ಬೇರೆ ಇರುತ್ತದೆ. ಏರ್‌ಬ್ಯಾಗನ್ನೇ ಬದಲಿಸಬೇಕಿದ್ದರೆ ಗುಜರಿಯಿಂದ ಮಾತ್ರ ತರಬೇಡಿ. ಆ ಕಾರು ನೀರಿನಲ್ಲಿ ಮುಳುಗಿತ್ತೋ, ಏರ್‌ಬ್ಯಾಗ್ ಕೆಳಗೆ ಬಿದ್ದಿತ್ತೋ ಹೊರಗಿನಿಂದ ತಿಳಿಯುವುದಿಲ್ಲ. ನಕಲಿಯ ಹಾವಳಿಯೂ ಇದೆ. 2024ರಲ್ಲಿ ದೆಹಲಿ ಪೊಲೀಸರು ನಕಲಿ ಏರ್‌ಬ್ಯಾಗ್ ತಯಾರಿಸುತ್ತಿದ್ದವರನ್ನೇ ಹಿಡಿದಿದ್ದರು.

ಮೊದಲು ಬ್ಯಾಟರಿ, ಆಮೇಲೆ ಕಾಯುವುದು

ಕಾರನ್ನು ಸಮತಟ್ಟು ಜಾಗದಲ್ಲಿ, ಮುಂದಿನ ಚಕ್ರಗಳು ನೇರವಾಗಿರುವಂತೆ ನಿಲ್ಲಿಸಿ. ಕೊನೆಯ ಹತ್ತಡಿ ನೇರ ಓಡಿಸಿಕೊಂಡು ಬಂದು ನಿಲ್ಲಿಸಿದರೆ ಚಕ್ರ ನಿಜಕ್ಕೂ ನೇರವಿರುತ್ತದೆ, ನಿಂತಲ್ಲೇ ತಿರುಗಿಸಿದರೆ ಸ್ವಲ್ಪ ವಾರೆ ಉಳಿದುಬಿಡಬಹುದು. ಸ್ಟೀರಿಯೊಗೆ ಕೋಡ್ ಇದ್ದರೆ ಬರೆದಿಟ್ಟುಕೊಳ್ಳಿ. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ, ತಂತಿಯ ತುದಿಗೆ ಟೇಪ್ ಸುತ್ತಿ ಪಕ್ಕಕ್ಕೆ ಸರಿಸಿ. ಗಡಿಯಾರ, ರೇಡಿಯೊ ನೆನಪು ಉಳಿಸಲೆಂದು ಚಿಕ್ಕ ಬ್ಯಾಟರಿ ಜೋಡಿಸುವ ಅಭ್ಯಾಸ ಕೆಲವರಿಗಿದೆ. ಇಲ್ಲಿ ಅದು ಬೇಡವೇ ಬೇಡ, ಏರ್‌ಬ್ಯಾಗಿಗೂ ಅದರಿಂದ ಕರೆಂಟು ಹೋಗುತ್ತದೆ.

ಈಗ ಕಾಯಬೇಕು. ಡಿಕ್ಕಿಯಲ್ಲಿ ಬ್ಯಾಟರಿ ನಜ್ಜುಗುಜ್ಜಾದರೂ ಏರ್‌ಬ್ಯಾಗ್ ತೆರೆಯಲಿ ಎಂದು ಕಂಟ್ರೋಲ್ ಮಾಡ್ಯೂಲಿನ ಒಳಗೆ ಕೆಪ್ಯಾಸಿಟರ್ ಇಟ್ಟಿರುತ್ತಾರೆ. ಬ್ಯಾಟರಿ ಕಳಚಿದ ಮೇಲೂ ಅದರಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ಟೊಯೋಟಾ ಕೈಪಿಡಿಗಳು ಕನಿಷ್ಠ 90 ಸೆಕೆಂಡ್ ಎನ್ನುತ್ತವೆ, ಹೋಂಡಾದವು 3 ನಿಮಿಷ. ನೀವು 15 ನಿಮಿಷ ಬಿಡಿ. ಹೆಡ್‌ಲೈಟ್ ಹಾಕಿ, ಹಾರ್ನ್ ಒತ್ತಿ ಕರೆಂಟು ಖಾಲಿ ಮಾಡಿದೆವು ಎಂದುಕೊಂಡು ಈ ಸಮಯ ಉಳಿಸಲು ಹೋಗಬೇಡಿ.

ಏರ್‌ಬ್ಯಾಗ್ ಕಳಚುವುದು

ಕೆಲಸಕ್ಕೆ ಕೂರುವ ಮೊದಲು ಬಾಗಿಲಿನ ಲೋಹದ ಭಾಗವನ್ನು ಬರಿಗೈಲಿ ಮುಟ್ಟಿ, ಮೈಮೇಲಿನ ಸ್ಥಿರ ವಿದ್ಯುತ್ ಇಳಿದುಹೋಗಲಿ. ಏರ್‌ಬ್ಯಾಗ್ ಎರಡು ಬಗೆಯಲ್ಲಿ ಹಿಡಿದುಕೊಂಡಿರುತ್ತದೆ.

ಮೊದಲನೆಯದು ಸ್ಕ್ರೂ. ಸ್ಟೀರಿಂಗಿನ ಎಡ, ಬಲ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಒಳಗೆ ಟಾರ್ಕ್ಸ್ ಸ್ಕ್ರೂ ಕಾಣುತ್ತದೆ. ಹಲವು ಕಾರುಗಳಲ್ಲಿ ಈ ಸ್ಕ್ರೂ ಪೂರ್ತಿ ಹೊರಗೆ ಬರುವುದಿಲ್ಲ, ಸಡಿಲಗೊಂಡು ತನ್ನ ಗೂಡಿನಲ್ಲೇ ಉಳಿಯುತ್ತದೆ. ಬರುತ್ತಿಲ್ಲವೆಂದು ಇಕ್ಕಳ ಹಾಕಿ ಎಳೆಯಬೇಡಿ.

ಎರಡನೆಯದು ಸ್ಪ್ರಿಂಗ್ ಕ್ಲಿಪ್. ಸ್ಟೀರಿಂಗಿನ ಹಿಂಬದಿಯಲ್ಲಿ ಎರಡು ಅಥವಾ ಮೂರು ಸಣ್ಣ ತೂತುಗಳಿರುತ್ತವೆ. ಸ್ಟೀರಿಂಗನ್ನು ಕಾಲು ಸುತ್ತು ತಿರುಗಿಸಿ, ತೂತಿಗೆ ಮೊಂಡು ತುದಿಯ ಸ್ಕ್ರೂಡ್ರೈವರ್ ಹಾಕಿ ಸ್ಪ್ರಿಂಗನ್ನು ಒತ್ತಿದರೆ ಆ ಬದಿಯ ಪ್ಯಾಡ್ ಟಕ್ಕೆಂದು ಸ್ವಲ್ಪ ಮೇಲೇಳುತ್ತದೆ. ಎದ್ದ ಬದಿಯನ್ನು ಹಾಗೇ ಬಿಟ್ಟು ಇನ್ನೊಂದು ಬದಿಗೆ ಹೋಗಿ. ಮುಂದಿನಿಂದ ಪ್ಯಾಡಿನ ಅಂಚಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಪ್ಲಾಸ್ಟಿಕ್ ಸೀಳುತ್ತದೆಯೇ ಹೊರತು ಕ್ಲಿಪ್ ಬಿಡುವುದಿಲ್ಲ. ಎಲ್ಲ ಕ್ಲಿಪ್ ಬಿಟ್ಟ ಮೇಲೆ ಸ್ಟೀರಿಂಗನ್ನು ಮತ್ತೆ ನೇರಕ್ಕೆ ತನ್ನಿ.

ಪ್ಯಾಡನ್ನು ನಾಲ್ಕು ಬೆರಳಿನಷ್ಟು ಮಾತ್ರ ಎತ್ತಿ, ಹಿಂದಿನ ಜೋಡಣೆಯ ಫೋಟೊ ತೆಗೆದುಕೊಳ್ಳಿ. ಏರ್‌ಬ್ಯಾಗಿನ ಕನೆಕ್ಟರ್ ಹಳದಿ ಬಣ್ಣದ್ದು, ಅದರ ಮೇಲೊಂದು ಚಿಕ್ಕ ಬೀಗದ ಪಟ್ಟಿ ಇರುತ್ತದೆ. ಸಣ್ಣ ಚಪ್ಪಟೆ ಸ್ಕ್ರೂಡ್ರೈವರಿನಿಂದ ಮೊದಲು ಬೀಗ ಎತ್ತಿ, ಆಮೇಲೆ ಕನೆಕ್ಟರನ್ನು ನೇರವಾಗಿ ಎಳೆಯಿರಿ. ತಂತಿ ಹಿಡಿದು ಎಳೆಯಬಾರದು. ಎರಡು ಹಂತದಲ್ಲಿ ಉಬ್ಬುವ ಏರ್‌ಬ್ಯಾಗಿಗೆ ಎರಡು ಕನೆಕ್ಟರ್ ಇರುತ್ತವೆ. ಹಾರ್ನ್ ತಂತಿಯನ್ನೂ ಬಿಡಿಸಿ.

ಕಳಚಿದ ಏರ್‌ಬ್ಯಾಗನ್ನು ಒಯ್ಯುವಾಗ ಅದರ ಮುಖ, ಅಂದರೆ ಕಂಪನಿಯ ಲಾಂಛನ ಇರುವ ಬದಿ, ನಿಮ್ಮ ಮೈಯಿಂದ ಆಚೆಗಿರಲಿ. ಇಡುವಾಗ ಲಾಂಛನ ಆಕಾಶ ನೋಡುವಂತಿರಲಿ, ಮೇಲೆ ಏನನ್ನೂ ಇಡಬೇಡಿ. ಕವುಚಿ ಇಟ್ಟಾಗ ಅಕಸ್ಮಾತ್ ಸಿಡಿದರೆ ಭಾರದ ಲೋಹದ ಭಾಗ ರಾಕೆಟ್ಟಿನ ವೇಗದಲ್ಲಿ ಮೇಲೆ ಹಾರುತ್ತದೆ. ಬಿಸಿಲು, ನೀರು, ಎಣ್ಣೆ ತಗಲದ, ಮಕ್ಕಳ ಕೈಗೆ ಸಿಗದ ಕೋಣೆಯಲ್ಲಿ ಬಾಗಿಲು ಹಾಕಿಡಿ. ಕೈತಪ್ಪಿ ನೆಲಕ್ಕೆ ಬಿದ್ದ ಏರ್‌ಬ್ಯಾಗನ್ನು ಮತ್ತೆ ಬಳಸುವಂತಿಲ್ಲ. ಅದರ ಪಿನ್ನುಗಳಿಗೆ ಮಲ್ಟಿಮೀಟರ್ ಹಚ್ಚಿ ಸರಿ ಇದೆಯೇ ನೋಡುವ ಕೆಲಸವಂತೂ ಎಂದಿಗೂ ಬೇಡ. ಮೀಟರ್ ಹರಿಸುವ ಸಣ್ಣ ಕರೆಂಟೂ ಅದನ್ನು ಸಿಡಿಸಬಲ್ಲದು.

ಸ್ಟೀರಿಂಗ್ ಎಳೆಯುವುದು

ನಟ್ ಸಡಿಲಿಸುವಾಗ ಇನ್ನೊಂದು ಕೈಯಲ್ಲಿ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿಯಿರಿ. ಸ್ಟೀರಿಂಗ್ ಲಾಕಿನ ಮೇಲೆ ಆ ಬಲ ಬಿದ್ದರೆ ಲಾಕಿನ ಪಿನ್ ಹಾಳಾಗುತ್ತದೆ. ನಟ್ ಸಡಿಲವಾದ ಮೇಲೆ ಸ್ಟೀರಿಂಗ್ ಕೂತಿರುವ ಸಲಾಕೆಯ, ಅಂದರೆ ಶಾಫ್ಟಿನ, ತುದಿಯಿಂದ ಸ್ಟೀರಿಂಗಿನ ನಡುಭಾಗದವರೆಗೆ ಪೇಂಟ್ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ. ಈ ಗೆರೆ ತಪ್ಪಿಸಿದವರೇ ಮುಂದೆ ಪೇಚಾಡುವುದು. ಶಾಫ್ಟಿನಲ್ಲಿ 36 ಹಲ್ಲುಗಳಿವೆ ಎಂದಿಟ್ಟುಕೊಂಡರೆ ಒಂದೇ ಹಲ್ಲು ತಪ್ಪಿದರೂ ಸ್ಟೀರಿಂಗ್ 10 ಡಿಗ್ರಿ ವಾರೆಯಾಗುತ್ತದೆ.

ನಟ್ಟನ್ನು ಪೂರ್ತಿ ತೆಗೆಯದೆ ಮೂರು ನಾಲ್ಕು ಸುತ್ತು ಉಳಿಸಿ. ಎರಡೂ ಕೈಯಲ್ಲಿ ಹಿಡಿದು ಎಡಬಲಕ್ಕೆ ಅಲ್ಲಾಡಿಸುತ್ತಾ ನಿಮ್ಮೆಡೆಗೆ ಎಳೆಯಿರಿ. ಸ್ಟೀರಿಂಗ್ ಬಿಡುವಾಗ ಒಮ್ಮೆಲೇ ಬಿಡುತ್ತದೆ, ಉಳಿದ ನಟ್ಟೇ ಆಗ ನಿಮ್ಮ ಮೂಗು ಕಾಯುವುದು. ಬರದೇ ಇದ್ದರೆ ಸ್ಟೀರಿಂಗನ್ನು ಬೋಲ್ಟಿನ ಬಲದಿಂದ ಎಳೆದು ತೆಗೆಯುವ ಪುಲ್ಲರ್ ಹಾಕಬೇಕು. ಅದರ ಬೋಲ್ಟುಗಳನ್ನು ಸ್ಟೀರಿಂಗಿನ ತೂತಿಗೆ ಐದು ಸುತ್ತಿಗಿಂತ ಹೆಚ್ಚು ಇಳಿಸಬೇಡಿ, ಹಿಂದಿರುವ ಕ್ಲಾಕ್ ಸ್ಪ್ರಿಂಗಿಗೆ ಚುಚ್ಚುತ್ತವೆ. ಶಾಫ್ಟಿನ ಮೇಲೆ ಸುತ್ತಿಗೆಯೇಟು ಹಾಕಲೇಬಾರದು. ಅಪಘಾತದಲ್ಲಿ ಎದೆಗೆ ಚುಚ್ಚದೆ ಕುಸಿಯಲಿ ಎಂದೇ ಕಾಲಮ್ ಮಾಡಿರುತ್ತಾರೆ. ಅದರೊಳಗಿನ ಪ್ಲಾಸ್ಟಿಕ್ ಪಿನ್ನುಗಳು ಏಟಿಗೆ ಮುರಿಯಬಹುದು, ಮುರಿದದ್ದು ಹೊರಗಿನಿಂದ ಕಾಣುವುದೂ ಇಲ್ಲ.

ಕೊನೆಗೆ ನಟ್ ತೆಗೆದು, ತಂತಿಗಳನ್ನು ಸ್ಟೀರಿಂಗಿನ ಕಿಂಡಿಯೊಳಗಿಂದ ನಿಧಾನವಾಗಿ ದಾಟಿಸಿ.

ಕ್ಲಾಕ್ ಸ್ಪ್ರಿಂಗ್: ನಡುಮಧ್ಯ ತಪ್ಪದಿರಲಿ

ಕಾಲಮ್ಮಿನ ಪ್ಲಾಸ್ಟಿಕ್ ಹೊದಿಕೆಯ ಸ್ಕ್ರೂ ಬಿಚ್ಚಿ, ಹಿಂದಿನ ಕನೆಕ್ಟರ್ ಕಳಚಿ, ಹಳೆಯ ಕ್ಲಾಕ್ ಸ್ಪ್ರಿಂಗ್ ತೆಗೆಯಿರಿ. ಅದನ್ನೇ ಮತ್ತೆ ಹಾಕುವುದಿದ್ದರೆ ತಿರುಗದಂತೆ ಮಾಸ್ಕಿಂಗ್ ಟೇಪ್ ಅಂಟಿಸಿ.

ಹೊಸದಕ್ಕೆ ಕಂಪನಿಯವರು ಮಧ್ಯದಲ್ಲಿ ನಿಲ್ಲಿಸಿ ಪಿನ್ ಅಥವಾ ಸ್ಟಿಕರ್ ಹಾಕಿರುತ್ತಾರೆ. ಅದನ್ನು ಕಾಲಮ್ಮಿನಲ್ಲಿ ಕೂರಿಸಿದ ಮೇಲೆಯೇ ತೆಗೆಯಿರಿ. ಪಿನ್ ಮೊದಲೇ ಬಿದ್ದುಹೋಗಿದ್ದರೆ ನೀವೇ ಮಧ್ಯ ಹುಡುಕಬೇಕು. ಬಲಕ್ಕೆ, ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ, ಬೆರಳಲ್ಲಿ ಹಗುರವಾಗಿ ನಿಲ್ಲುವವರೆಗೆ ತಿರುಗಿಸಿ. ನಿಂತಲ್ಲಿಂದ ಎಡಕ್ಕೆ ಸುಮಾರು ಎರಡೂವರೆ ಸುತ್ತು ಹಿಂದೆ ತಂದು, ಮೇಲಿರುವ ಎರಡು ಬಾಣದ ಗುರುತುಗಳನ್ನು ಎದುರುಬದುರು ಕೂಡಿಸಿ. ಸುತ್ತಿನ ಲೆಕ್ಕ ಮಾಡೆಲ್ಲಿನಿಂದ ಮಾಡೆಲ್ಲಿಗೆ ಬೇರೆಯಾದೀತು, ಹೆಚ್ಚಿನವುಗಳ ಮೇಲೆ ಅದನ್ನು ಅಚ್ಚು ಹಾಕಿರುತ್ತಾರೆ.

ಇಷ್ಟು ಜಾಗ್ರತೆ ಏಕೆಂದರೆ, ಸ್ಟೀರಿಂಗ್ ನೇರದಿಂದ ಎರಡೂ ಕಡೆಗೆ ಸರಿಸಮ ತಿರುಗುತ್ತದೆ. ಸುರುಳಿ ಮಧ್ಯದಲ್ಲಿಲ್ಲದಿದ್ದರೆ ಒಂದು ಕಡೆಗೆ ಉದ್ದ ಸಾಲದೆ ಹೋಗುತ್ತದೆ. ರಸ್ತೆಯಲ್ಲಿ ನೇರ ಹೋಗುವಾಗ ಏನೂ ತಿಳಿಯುವುದಿಲ್ಲ. ಪಾರ್ಕಿಂಗಿನಲ್ಲಿ ಪೂರ್ತಿ ತಿರುಗಿಸಿದ ಮೊದಲ ಸಲವೇ ಹೊಸ ಕೇಬಲ್ ಪಟ್ಟೆಂದು ಹರಿಯುತ್ತದೆ. ಸ್ಟೀರಿಂಗ್ ಕಳಚಿರುವಾಗ ಯಾರೂ ಕಾರಿನ ಮುಂದಿನ ಚಕ್ರ ತಿರುಗಿಸದಂತೆಯೂ ನೋಡಿಕೊಳ್ಳಿ.

ಮರುಜೋಡಣೆ

ತಂತಿಗಳನ್ನು ಮೊದಲು ಕಿಂಡಿಯೊಳಗಿಂದ ಹೊರಗೆ ತಂದು, ಗೆರೆಗೆ ಗೆರೆ ಕೂಡಿಸಿ ಸ್ಟೀರಿಂಗ್ ಕೂರಿಸಿ. ಕ್ಲಾಕ್ ಸ್ಪ್ರಿಂಗಿನ ಮೊಳೆಯಂಥ ಪಿನ್ನುಗಳು ಸ್ಟೀರಿಂಗ್ ಹಿಂದಿನ ಗುಳಿಗಳಿಗೆ ಸರಿಯಾಗಿ ಇಳಿದವೇ ನೋಡಿ. ಇಳಿಯದೆ ನಟ್ ಬಿಗಿದರೆ ಪಿನ್ ಮುರಿಯುತ್ತದೆ. ನಟ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಟಾರ್ಕ್ ರೆಂಚ್ ಹಾಕಿ. ಟೊಯೋಟಾದ ಹಲವು ಮಾಡೆಲ್ಲುಗಳಿಗೆ 50 ನ್ಯೂಟನ್ ಮೀಟರ್, ಹ್ಯುಂಡೈಯ ಹಲವಕ್ಕೆ 39ರಿಂದ 49. ನಿಮ್ಮ ಕಾರಿನದನ್ನು ಮ್ಯಾನುಯಲ್ಲಿನಲ್ಲೇ ನೋಡಿ. ನಟ್ಟಿನ ಬದಲು ಬೋಲ್ಟ್ ಇರುವ ಕೆಲವು ಕಾರುಗಳಲ್ಲಿ ಪ್ರತಿಸಲ ಹೊಸ ಬೋಲ್ಟ್ ಹಾಕಬೇಕೆಂಬ ಸೂಚನೆಯೂ ಇರುತ್ತದೆ.

ಹಾರ್ನ್ ತಂತಿ ಸಿಕ್ಕಿಸಿ, ಏರ್‌ಬ್ಯಾಗ್ ಕನೆಕ್ಟರ್ ಟಕ್ಕೆನ್ನುವವರೆಗೆ ಒತ್ತಿ, ಬೀಗದ ಪಟ್ಟಿಯನ್ನು ಮಟ್ಟವಾಗಿ ಕೆಳಗೆ ಕೂರಿಸಿ. ಬೀಗ ಅರ್ಧ ಕೂತರೆ ದೀಪ ಆರುವುದಿಲ್ಲ. ಪ್ಯಾಡಿನ ಹಿಂದೆ ತಂತಿ ಸಿಕ್ಕಿಕೊಳ್ಳದಂತೆ ನೋಡಿ ಪ್ಯಾಡ್ ಒತ್ತಿ ಕೂರಿಸಿ. ಸುತ್ತಲಿನ ಸಂದು ಎಲ್ಲ ಕಡೆ ಒಂದೇ ಸಮ ಇರಬೇಕು.

ಕಾರಿನೊಳಗೆ ಯಾರೂ ಇಲ್ಲದಾಗ, ಇಗ್ನಿಷನ್ ಆಫ್ ಇರುವಾಗ ಬ್ಯಾಟರಿ ಜೋಡಿಸಿ. ಮೊದಲ ಸಲ ಕೀ ತಿರುಗಿಸುವಾಗ ಸೀಟಿನಲ್ಲಿ ಕೂರದೆ, ಬಾಗಿಲ ಬಳಿ ಪಕ್ಕಕ್ಕೆ ನಿಂತು, ಕೈ ಮಾತ್ರ ಒಳಗೆ ಚಾಚಿ. ತೋಳು ಸ್ಟೀರಿಂಗಿನ ಮುಂದೆ ಹಾಯಬಾರದು. ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಉರಿದು ಆರಬೇಕು. ಆರದಿದ್ದರೆ ಕನೆಕ್ಟರ್ ಸರಿ ಕೂತಿಲ್ಲ ಅಥವಾ ಹಳೆಯ ದೋಷದ ಕೋಡ್ ಇನ್ನೂ ನೆನಪಿನಲ್ಲಿದೆ. ಕಾರಿಗೆ ಸಿಕ್ಕಿಸಿ ದೋಷದ ಕೋಡ್ ಓದುವ ಅಗ್ಗದ ಓಬಿಡಿ ಸಾಧನಗಳು ಸಾಮಾನ್ಯವಾಗಿ ಎಂಜಿನ್ ಕೋಡ್ ಮಾತ್ರ ಓದುತ್ತವೆ, ಏರ್‌ಬ್ಯಾಗಿನದನ್ನು ಓದಿ ಅಳಿಸಲು ಗ್ಯಾರೇಜಿನ ಸ್ಕ್ಯಾನರೇ ಬೇಕು. ಮತ್ತೆ ಬಿಚ್ಚಿ ನೋಡುವುದಾದರೆ ಬ್ಯಾಟರಿ ಕಳಚಿ 15 ನಿಮಿಷ ಕಾಯುವುದೂ ಮತ್ತೆ ಮೊದಲಿನಿಂದ.

ದೀಪ ಆರಿಸಲೆಂದು ಏರ್‌ಬ್ಯಾಗಿನ ಜಾಗದಲ್ಲಿ ರೆಸಿಸ್ಟರ್ ಹಾಕಿಕೊಡುವವರು, ಮೀಟರಿನ ಬಲ್ಬನ್ನೇ ತೆಗೆಯುವವರು ಇದ್ದಾರೆ. ಒಪ್ಪಬೇಡಿ. ಎಲ್ಲ ಸರಿಯಿದೆ ಎಂದು ಮೀಟರ್ ಹೇಳುತ್ತದೆ, ಡಿಕ್ಕಿಯಾದಾಗ ಏರ್‌ಬ್ಯಾಗ್ ತೆರೆಯುವುದೇ ಇಲ್ಲ.

ಎಂಜಿನ್ ಚಾಲೂ ಮಾಡಿ ಸ್ಟೀರಿಂಗನ್ನು ಎರಡೂ ತುದಿಗೆ ನಿಧಾನವಾಗಿ ತಿರುಗಿಸಿ, ಪ್ರತಿ ಸ್ಥಾನದಲ್ಲೂ ಹಾರ್ನ್ ಒತ್ತಿ ನೋಡಿ. ಇಂಡಿಕೇಟರ್ ಎರಡೂ ಕಡೆ ತಾನಾಗಿ ವಾಪಸಾಗಬೇಕು. ಕಾರು ಜಾರದಂತೆ ತಡೆಯುವ ಇಎಸ್‌ಸಿ ವ್ಯವಸ್ಥೆ ಇರುವ ಕಾರುಗಳಲ್ಲಿ ಸ್ಟೀರಿಂಗ್ ಕೋನ ಅಳೆಯುವ ಸೆನ್ಸರ್ ಇರುತ್ತದೆ. ಕೆಲವು ಕಾರುಗಳು ಸ್ಟೀರಿಂಗನ್ನು ತುದಿಯಿಂದ ತುದಿಗೆ ತಿರುಗಿಸಿದರೆ ತಾವೇ ಕಲಿತುಕೊಳ್ಳುತ್ತವೆ, ಉಳಿದವಕ್ಕೆ ಸ್ಕ್ಯಾನರಿನಿಂದ ಸೊನ್ನೆಗೆ ತರಿಸಬೇಕು. ಖಾಲಿ ನೇರ ರಸ್ತೆಯಲ್ಲಿ ಓಡಿಸಿದಾಗ ಸ್ಟೀರಿಂಗ್ ವಾರೆ ಕಂಡರೆ ಮತ್ತು ಮೊದಲು ಹಾಗಿರಲಿಲ್ಲವೆಂದರೆ ಹಲ್ಲು ತಪ್ಪಿದೆ. ವೀಲ್ ಅಲೈನ್‌ಮೆಂಟಿಗೆ ಹೋಗಿ, ಚಕ್ರಗಳನ್ನು ತಿರುಗಿಸುವ ಟೈ ರಾಡ್ ಹೊಂದಿಸಿ ಅದನ್ನು ಮರೆಮಾಚಬೇಡಿ. ಬಿಚ್ಚಿ ಗೆರೆ ಕೂಡಿಸಿ.

ಹೊಸ ಏರ್‌ಬ್ಯಾಗ್ ಹಾಕಿದ್ದರೆ ಸಿಡಿಯದ ಹಳೆಯದು ಕೈಯಲ್ಲಿ ಉಳಿಯುತ್ತದೆ. ಅದನ್ನು ಗುಜರಿಯವರಿಗೆ ಕೊಡುವುದಾಗಲಿ, ಕಸದ ಗಾಡಿಗೆ ಹಾಕುವುದಾಗಲಿ ಕೂಡದು. ವಿಲೇವಾರಿ ಮಾಡಿಸಬೇಕೆಂದು ಹೇಳಿ ಕಂಪನಿಯ ಸರ್ವಿಸ್ ಸೆಂಟರಿಗೆ ಒಪ್ಪಿಸಿ. ಅಲ್ಲಿಗೆ ಒಯ್ಯುವಾಗಲೂ ಲಾಂಛನ ಮೇಲೆ ಮಾಡಿ ಕಾರಿನ ಹಿಂದಿನ ಸಾಮಾನು ಡಿಕ್ಕಿಯಲ್ಲಿಡಿ, ಮೇಲೆ ಸಾಮಾನು ಹೇರಬೇಡಿ.