ಮೌಸ್ ಅವರ ಕೈಯಲ್ಲೇ ಇರಲಿ

ಬದುಕಿನ ಒತ್ತಡದಲ್ಲಿ ಓದು ಅರ್ಧಕ್ಕೇ ನಿಂತ ದೊಡ್ಡವರಿಗೆ ನಾನು ಬಿಡುವಿನ ವೇಳೆಯಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಸಿಪಿಯು, ಮಾನಿಟರ್ ಅಂತ ಭಾಗಗಳ ಹೆಸರು ಹೇಳಿಕೊಡುವುದರಿಂದ ಪಾಠ ಶುರು ಮಾಡುವುದಿಲ್ಲ. ‘ಇದರಿಂದ ನಿಮಗೆ ಏನಾಗಬೇಕು?’ ಅಂತ ಕೇಳುತ್ತೇನೆ. ಒಬ್ಬರಿಗೆ ಕೆಲಸದ ಅರ್ಜಿ ತುಂಬಬೇಕು, ಇನ್ನೊಬ್ಬರಿಗೆ ದೂರದಲ್ಲಿರುವ ಮಗಳಿಗೆ ಇಮೇಲ್ ಕಳಿಸಬೇಕು. ಅವರವರ ಪಾಠ ಅಲ್ಲಿಂದಲೇ ಹೊರಡುತ್ತದೆ.

ಹೆಚ್ಚು ಹೊತ್ತು ಹಿಡಿಯುವುದು ಮೌಸ್. ಕೈ ಮೇಜಿನ ಮೇಲೆ, ಕಣ್ಣು ಪರದೆಯ ಮೇಲೆ. ಹೊಸಬರಿಗೆ ಇವೆರಡೂ ಕೂಡಿಬರುವುದು ಸುಲಭವಲ್ಲ. ಮೇಜಿನ ಅಂಚು ಬಂದರೆ ಮೌಸನ್ನು ಎತ್ತಿ ಹಿಂದಕ್ಕಿಟ್ಟುಕೊಳ್ಳಬಹುದು ಎಂಬುದನ್ನೂ ಯಾರಾದರೂ ಹೇಳಿಕೊಡಲೇಬೇಕು. ದುಡಿದು ಗಡುಸಾದ ಬೆರಳುಗಳಿಗೆ ಡಬಲ್ ಕ್ಲಿಕ್ ಇನ್ನೂ ಕಷ್ಟ: ಎರಡು ಒತ್ತುಗಳ ನಡುವೆ ಮೌಸ್ ಜಾರಿರುತ್ತದೆ. ಆಗ ಮೌಸ್ ಸೆಟ್ಟಿಂಗ್‌ಗೆ ಹೋಗಿ ಡಬಲ್ ಕ್ಲಿಕ್ ವೇಗ ತಗ್ಗಿಸುತ್ತೇನೆ, ಬಾಣದ ಗುರುತನ್ನು ದೊಡ್ಡದು ಮಾಡುತ್ತೇನೆ. ಆದರೂ ಆಗದಿದ್ದರೆ ಒಂದೇ ಸಲ ಒತ್ತಿ ಎಂಟರ್ ಕೀ ಒತ್ತಿದರಾಯಿತು, ಫೈಲ್ ತೆರೆಯುತ್ತದೆ. ಹಿಡಿದೆಳೆಯುವ ಅಭ್ಯಾಸಕ್ಕೆ ಸಾಲಿಟೇರ್ ಇಸ್ಪೀಟಾಟದಷ್ಟು ಒಳ್ಳೆಯದು ಬೇರೆ ಸಿಕ್ಕಿಲ್ಲ. 1990ರಲ್ಲಿ ವಿಂಡೋಸ್ 3.0 ಜೊತೆ ಬಂದ ಈ ಆಟ ಆ ಕಾಲದ ಎಷ್ಟೋ ಜನರ ಕೈಯನ್ನೂ ಹೀಗೆಯೇ ಪಳಗಿಸಿತ್ತು.

‘ಏನೋ ಒತ್ತಿ ಕೆಟ್ಟುಹೋದರೆ?’ ಎಂಬ ಭಯ ಎಲ್ಲರಲ್ಲೂ ಇರುತ್ತದೆ. ಸಮಾಧಾನದ ಮಾತಿಗೆ ಅದು ಹೋಗುವುದಿಲ್ಲ. ನಾಲ್ಕು ಸಾಲು ಟೈಪ್ ಮಾಡಿಸಿ, ಅವರಿಂದಲೇ ಎಲ್ಲ ಅಳಿಸಿ, ಕಂಟ್ರೋಲ್ ಮತ್ತು ಝಡ್ ಒಟ್ಟಿಗೆ ಒತ್ತಿಸುತ್ತೇನೆ. ಅಳಿದದ್ದು ಮರಳಿ ಬಂದಾಗ ಮುಖವೇ ಬೇರೆಯಾಗುತ್ತದೆ! ಕಳಿಸಿ ಆಗಿಹೋದ ಅರ್ಜಿ ಮಾತ್ರ ಹೀಗೆ ಹಿಂದಿರುಗುವುದಿಲ್ಲ ಎಂದು ಆಗಲೇ ಹೇಳಿಬಿಡುತ್ತೇನೆ.

ಕಲಿಸಲು ಬರುವ ಹೊಸ ಗೆಳೆಯರಿಗೆ ನನ್ನದೊಂದೇ ಕೋರಿಕೆ: ಅವರ ಕೈಯಿಂದ ಮೌಸ್ ತೆಗೆದುಕೊಳ್ಳಬೇಡಿ. ‘ತಾಳಿ, ನಾನು ಮಾಡ್ತೀನಿ’ ಅಂದರೆ ಕೆಲಸ ಬೇಗ ಮುಗಿಯುತ್ತದೆ, ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ‘ಬಲಗಡೆ, ಮೇಲಿನ ಮೂಲೆ ನೋಡಿ ಅಮ್ಮ’ ಎಂದು ಬಾಯಲ್ಲಿ ಹೇಳಿ, ಕಾಯಿರಿ. ಓದಲು ತಡವರಿಸುವವರಿಗೆ ಎಲ್ಲರೆದುರು ಗಟ್ಟಿಯಾಗಿ ಓದಲು ಹೇಳಬೇಡಿ. ಪಕ್ಕದಲ್ಲಿ ಕೂತು ಮೆಲ್ಲಗೆ ಓದಿಕೊಡಿ. ಹಂತಗಳನ್ನು ಅವರದೇ ಮಾತಿನಲ್ಲಿ, ಬೇಕಾದರೆ ಚಿತ್ರ ಬಿಡಿಸಿ ಬರೆದುಕೊಳ್ಳಲಿ. ಅಚ್ಚಾದ ಕೈಪಿಡಿಗಿಂತ ಆ ನೋಟ್‌ಬುಕ್ಕೇ ಹೆಚ್ಚು ಕೆಲಸಕ್ಕೆ ಬರುವುದನ್ನು ಕಂಡಿದ್ದೇನೆ.

ಪಾಸ್‌ವರ್ಡ್ ಹಾಕುವಾಗ ನಾನು ಮುಖ ತಿರುಗಿಸಿ ಕೂರುತ್ತೇನೆ. ನಂಬಿಕೆಯಿಂದ ಹೇಳಲು ಬಂದರೂ ಕೇಳಿಸಿಕೊಳ್ಳುವುದಿಲ್ಲ. ಒಟಿಪಿ ಯಾರಿಗೂ ಹೇಳಬಾರದು, ನನಗೂ ಹೇಳಬಾರದು. ಹಲವರು ಬಳಸುವ ಕಂಪ್ಯೂಟರಿನಲ್ಲಿ ‘ಪಾಸ್‌ವರ್ಡ್ ನೆನಪಿಡಲೇ?’ ಎಂದು ಕೇಳಿದರೆ ಬೇಡ ಅನ್ನಬೇಕು, ಎದ್ದು ಹೋಗುವ ಮುಂಚೆ ಲಾಗ್‌ಔಟ್ ಆಗಬೇಕು. ಪ್ರತಿ ತರಗತಿಯ ಕೊನೆಗೂ ಇದನ್ನು ಅವರ ಕೈಯಿಂದಲೇ ಮಾಡಿಸುತ್ತೇನೆ.